ಬೆಟ್ಟದ ಎತ್ತರ ಕಾಲಿಗೆ ಗೊತ್ತು

ಮೈಸೂರಿನಲ್ಲಿ ಹುಟ್ಟಿದವರಿಗೆ ಬೆಟ್ಟ ಅಂದರೆ ಒಂದೇ. ಹೆಸರು ಹೇಳಬೇಕಾಗಿಲ್ಲ. "ಬೆಟ್ಟಕ್ಕೆ ಹೋಗಿದ್ದೆ" ಅಂದರೆ ಚಾಮುಂಡಿ ಬೆಟ್ಟಕ್ಕೇ ಅಂತ ಅರ್ಥ. ರಾಜೀವನಗರದ ನಮ್ಮ ಮನೆಯ ತಾರಸಿಯ ಮೇಲೆ ನಿಂತರೆ ಸಾಲು ಸಾಲು ನೀರಿನ ಟ್ಯಾಂಕುಗಳ ಆಚೆ ಕಾಣುವುದೂ ಅದೇ.

ಸಮುದ್ರಮಟ್ಟದಿಂದ ಲೆಕ್ಕ ಹಾಕಿದರೆ ಚಾಮುಂಡಿ ಬೆಟ್ಟದ ಎತ್ತರ ಸುಮಾರು 1,060 ಮೀಟರ್. ಕರಾವಳಿಯ ಬೈಂದೂರಿನ ಹಿಂದೆ ಎದ್ದು ನಿಂತಿರುವ ಕೊಡಚಾದ್ರಿಯದು 1,343 ಮೀಟರ್. ಮೊಬೈಲಿನಲ್ಲಿ ಇವೆರಡನ್ನೂ ನೋಡಿದವರಿಗೆ ವ್ಯತ್ಯಾಸ 300 ಮೀಟರೂ ಇಲ್ಲ ಅನ್ನಿಸುತ್ತದೆ. ನನ್ನ ಅಕ್ಕನ ಮಗನಿಗೂ ಹಾಗೇ ಅನ್ನಿಸಿತ್ತು. "ಮಾಮ, ನಾವು ಮೆಟ್ಟಿಲು ಹತ್ತೋದು ನಲವತ್ತು ನಿಮಿಷ. ಅದಕ್ಕೆ ಇನ್ನೊಂದು ಹದಿನೈದು ನಿಮಿಷ ಸೇರಿಸ್ಕೊ" ಅಂದಿದ್ದ.

ಈ ಲೆಕ್ಕದಲ್ಲಿ ಒಂದು ಸಂಗತಿ ಬಿಟ್ಟುಹೋಗಿದೆ. ಮೈಸೂರು ಊರೇ ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಮೇಲಿದೆ. ಅಂದರೆ ಚಾಮುಂಡಿ ಬೆಟ್ಟದಲ್ಲಿ ನಮ್ಮ ಕಾಲು ಏರುವುದು 300 ಮೀಟರಿನ ಹತ್ತಿರ ಮಾತ್ರ. ಅದಕ್ಕೂ ದೊಡ್ಡ ದೇವರಾಜ ಒಡೆಯರ ಕಾಲದಲ್ಲಿ, ಮುನ್ನೂರೈವತ್ತು ವರ್ಷಕ್ಕೂ ಹಿಂದೆಯೇ, ಸಾವಿರ ಮೆಟ್ಟಿಲು ಕಟ್ಟಿಟ್ಟಿದ್ದಾರೆ. ಬೈಂದೂರು ಹಾಗಲ್ಲ, ಅದು ಕಡಲ ಅಂಚಿನ ಊರು. ಅಲ್ಲಿಂದ ಕೊಡಚಾದ್ರಿ ತುದಿಗೆ ಹಕ್ಕಿ ಹಾರುವ ದಾರಿಯಲ್ಲಿ 25 ಕಿಲೋಮೀಟರ್ ಆಸುಪಾಸು. ಅಷ್ಟರೊಳಗೆ ನೆಲ 1,300 ಮೀಟರ್ ಮೇಲಕ್ಕೆ ಏಳುತ್ತದೆ. ಎವರೆಸ್ಟ್‌ನ ಎತ್ತರ 8,849 ಮೀಟರ್, ಸರಿ. ಆದರೆ ಹತ್ತುವವರು ಡೇರೆ ಹಾಕುವ ಬೇಸ್ ಕ್ಯಾಂಪೇ 5,300 ಮೀಟರಿಗಿಂತ ಮೇಲಿದೆ. ಫಲಕದ ಮೇಲೆ ಬರೆದಿರುವುದು ಸಮುದ್ರದಿಂದ ಅಳೆದ ಎತ್ತರ. ಕಾಲಿಗೆ ಲೆಕ್ಕ ಬೇರೆ, ಅದು ನಡಿಗೆ ಶುರುವಾದ ಜಾಗದಿಂದ.

ನಾನು ಜಿಲ್ಲಾ ಸ್ಟ್ರಿಂಗರ್. ಪತ್ರಿಕೋದ್ಯಮ ಡಿಪ್ಲೊಮಾ ಮುಗಿಸಿ ಹನ್ನೆರಡು ವರ್ಷವಾಯಿತು. ಸಂಬಳ ಇಲ್ಲ, ಸುದ್ದಿಗೆ ಇಷ್ಟು ಅಂತ ಲೆಕ್ಕ. ಅಚ್ಚಾದರೆ ಮಾತ್ರ ದುಡ್ಡು. ನನ್ನ ಜೊತೆ ಓದಿದ ಗೆಳೆಯನೊಬ್ಬ ಬೈಂದೂರಿನಲ್ಲಿ ಇದೇ ಕೆಲಸ ಮಾಡುತ್ತಾನೆ. "ಒಂದ್ಸಲ ಬಾರೋ, ಕೊಡಚಾದ್ರಿ ಹತ್ತೋಣ" ಅಂತ ವರ್ಷಗಟ್ಟಲೆ ಕರೆಯುತ್ತಿದ್ದ. ಹೋದ ಅಕ್ಟೋಬರ್‌ನಲ್ಲಿ ಹೊರಟಾಗ ಅಕ್ಕನ ಮಗ ನಾನೂ ಬರ್ತೀನಿ ಅಂದ. ಅವನಿಗೆ ಹತ್ತೊಂಬತ್ತು. ಪಿಯುಸಿ ಮುಗಿಸಿ ಮೊಬೈಲ್ ರಿಪೇರಿ ಅಂಗಡಿಯಲ್ಲಿದ್ದಾನೆ. ಭಾವ ತೀರಿಕೊಂಡು ಆರು ವರ್ಷ. ಅಕ್ಕ ಮನೆಯಲ್ಲೇ ಕೂತು ಊದುಬತ್ತಿ ಹೊಸೆದು ಅವನನ್ನು ಓದಿಸಿದ್ದಾಳೆ. ಹೊರಡುವಾಗ ಚಪಾತಿ ಕಟ್ಟಿಕೊಟ್ಟು ಒಂದೇ ಮಾತು ಹೇಳಿದಳು: "ಫೋಟೊ ಬರದಿದ್ರೂ ಪರವಾಗಿಲ್ಲ ಕಣೋ, ಅವನು ಬರಬೇಕು."

ಮೈಸೂರಿನ ಮೇಲೆ ಹಾದು ಮುರ್ಡೇಶ್ವರಕ್ಕೆ ಹೋಗುವ ರೈಲಿದೆ. ರಾತ್ರಿ ಹತ್ತಿ ಮಾರನೇ ದಿನ ಇಳಿದೆವು. ನಿಲ್ದಾಣದ ಫಲಕದಲ್ಲಿ ಊರಿನ ಹೆಸರಿನ ಜೊತೆ "ಮೂಕಾಂಬಿಕಾ ರೋಡ್" ಅಂತಲೂ ಇದೆ, ಏಕೆಂದರೆ ಕೊಲ್ಲೂರಿಗೆ ಹೋಗುವವರು ಇಳಿಯುವುದು ಇಲ್ಲೇ. ಕೊಲ್ಲೂರು ಇಲ್ಲಿಂದ ಸುಮಾರು 28 ಕಿಲೋಮೀಟರ್.

ಸಂಜೆ ಗೆಳೆಯ ನಮ್ಮನ್ನು ಒತ್ತಿನೆಣೆಗೆ ಕರೆದುಕೊಂಡು ಹೋದ. ಕಡಲಿಗೆ ಅಂಟಿಕೊಂಡ ಕೆಂಪುಕಲ್ಲಿನ ಗುಡ್ಡ ಅದು. ಎಲ್ಲರೂ ಅಲ್ಲಿ ಪಶ್ಚಿಮಕ್ಕೆ ಮುಖ ಮಾಡಿ ಸೂರ್ಯ ಮುಳುಗುವುದನ್ನು ನೋಡುತ್ತಾರೆ. ಗೆಳೆಯ ನಮ್ಮನ್ನು ಪೂರ್ವಕ್ಕೆ ತಿರುಗಿಸಿದ. ತೆಂಗಿನ ತೋಟ, ಗದ್ದೆ, ಅದರ ಹಿಂದೆ ಕಾಡು, ಅದರ ಹಿಂದೆ ಆಕಾಶದ ಅರ್ಧದವರೆಗೆ ನೀಲಿ ಗೋಡೆ. "ನಾಳೆ ಅದರ ಮೇಲೆ" ಅಂದ. ಅಕ್ಕನ ಮಗ ಹದಿನೈದು ನಿಮಿಷದ ಮಾತು ಮತ್ತೆ ಎತ್ತಲಿಲ್ಲ.

ಈ ಗೋಡೆ ಯಾಕೆ ಹೀಗೆ ನಿಂತಿದೆ ಅನ್ನುವುದಕ್ಕೆ ಹಳೆಯ ಕತೆಯಿದೆ. ಮಡಗಾಸ್ಕರ್ ಒಂದು ಕಾಲದಲ್ಲಿ ನಮ್ಮ ಪಶ್ಚಿಮದ ಅಂಚಿಗೆ ಅಂಟಿಕೊಂಡಿತ್ತು. ಸುಮಾರು 8 ಕೋಟಿ 80 ಲಕ್ಷ ವರ್ಷಗಳ ಹಿಂದೆ ಬೇರ್ಪಟ್ಟಿತು. ಆ ಹೊತ್ತಿನಲ್ಲಿ ಉಕ್ಕಿದ ಕಲ್ಲುದ್ರವ ಗಟ್ಟಿಯಾಗಿ ಆದದ್ದೇ ಮಲ್ಪೆ ಬಳಿಯ ಸೇಂಟ್ ಮೇರೀಸ್ ದ್ವೀಪದ ಕಂಬದಂಥ ಬಂಡೆಗಳು. ಪಶ್ಚಿಮದ ಅಂಚು ಎತ್ತರವಾಗಿ ಉಳಿಯಿತು, ಪೂರ್ವದ ಕಡೆ ಭೂಮಿ ಇಳಿಜಾರಾಯಿತು. ಅದಕ್ಕೇ ಶಿವಮೊಗ್ಗ ಕಡೆಯಿಂದ ಹೋದರೆ ಘಟ್ಟ ಮೆಲ್ಲಗೆ ಏರುತ್ತದೆ, ಕಡಲ ಕಡೆಯಿಂದ ನೋಡಿದರೆ ಕಡಿದಾದ ಗೋಡೆ. ಇನ್ನೂ ದಕ್ಷಿಣಕ್ಕಿರುವ ಕುದುರೆಮುಖಕ್ಕೆ ಆ ಹೆಸರು ಬಂದದ್ದು ಒಂದು ಮಗ್ಗುಲಿನಿಂದ ಅದು ಕುದುರೆಯ ಮುಖದ ಹಾಗೆ ಕಾಣುವುದರಿಂದ. ಕಡಲಿನಲ್ಲಿದ್ದವರಿಗೆ ಇಂಥ ಶಿಖರಗಳೇ ದಾರಿಯ ಗುರುತು.

ಮಳೆಯನ್ನು ತಡೆಯುವುದೂ ಇದೇ ಗೋಡೆ. ಕಡಲಿನಿಂದ ಬರುವ ಹಸಿ ಗಾಳಿ ಇದಕ್ಕೆ ಬಡಿದು ಮೇಲೇರುತ್ತದೆ, ಮೇಲೇರಿದ್ದು ತಣ್ಣಗಾಗುತ್ತದೆ, ತಣ್ಣಗಾದದ್ದು ಮಳೆಯಾಗುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್ ಮೀರಿ ಬೀಳುತ್ತದೆ. ಗೋಡೆಯ ಆಚೆ ನೆರಳಿನಲ್ಲಿರುವ ನಮ್ಮ ಮೈಸೂರಿಗೆ ಸಿಗುವುದು 800ರ ಆಸುಪಾಸು. ಚಾಮುಂಡಿ ಬೆಟ್ಟ ಹತ್ತುವವನು ಆಕಾಶ ನೋಡಿಕೊಂಡು ಹೊರಡುತ್ತಾನೆ. ಕಡಲ ಬದಿಯ ಶಿಖರ ಹತ್ತುವವನಿಗೆ ಆಕಾಶ ನೋಡಿದರೆ ಸಾಲದು. ಬೆಳಿಗ್ಗೆ ತಿಳಿಯಾಗಿದ್ದದ್ದು ಮಧ್ಯಾಹ್ನದ ಹೊತ್ತಿಗೆ ಕೆಳಗಿನಿಂದ ಬರುತ್ತದೆ. ಹೌದು, ಮೇಲಿನಿಂದಲ್ಲ, ಕೆಳಗಿನಿಂದ. ಬಿಸಿಲು ಏರಿದಂತೆ ಕಡಲ ಗಾಳಿ ಕಣಿವೆಗಳಲ್ಲಿ ನುಗ್ಗಿ ಮಂಜನ್ನು ಮೇಲಕ್ಕೆ ದಬ್ಬುತ್ತದೆ.

ಆ ರಾತ್ರಿ ಊಟಕ್ಕೆ ಕೂತಾಗ ಗೆಳೆಯನನ್ನು ಕೇಳಿದೆ, "ಈ ಗುಡ್ಡದ ಮೇಲೆ ವರ್ಷಕ್ಕೆ ಎಷ್ಟು ಸುದ್ದಿ ಬರೀತೀಯ?"

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಯಾರಾದ್ರೂ ಜಾರಿದ್ರೆ ಬರೀತೀನಿ, ದಾರಿ ತಪ್ಪಿದ್ರೆ ಬರೀತೀನಿ. ಸುಮ್ಮನೆ ಹತ್ತಿ ಇಳಿದವರದ್ದು ಸುದ್ದಿಯೇ ಅಲ್ಲ" ಅಂದ.

2023ರ ಜುಲೈ ನಿಮಗೂ ನೆನಪಿರಬಹುದು. ಕೊಲ್ಲೂರು ಬಳಿಯ ಅರಿಶಿನಗುಂಡಿ ಜಲಪಾತದ ಅಂಚಿನ ಬಂಡೆಯ ಮೇಲೆ ನಿಂತಿದ್ದ ಯುವಕನೊಬ್ಬ ಕಾಲು ಜಾರಿ ಬಿದ್ದ. ಜೊತೆಯವರು ತೆಗೆಯುತ್ತಿದ್ದ ವಿಡಿಯೊದಲ್ಲಿ ಅದು ಹಾಗೇ ದಾಖಲಾಯಿತು. ಶವ ಸಿಗಲು ಒಂದು ವಾರ ಹಿಡಿಯಿತು. ಆ ವಿಡಿಯೊ ನಮ್ಮೆಲ್ಲರ ಫೋನಿಗೂ ಬಂತು. ಅಕ್ಕನೂ ನೋಡಿದ್ದಳು. ಅವಳು ಹೊರಡುವಾಗ ಹೇಳಿದ ಮಾತಿನ ಹಿಂದೆ ಇದ್ದದ್ದು ಅದೇ.

ಬೆಳಿಗ್ಗೆ ಬೇಗ ಕೊಲ್ಲೂರು ದಾಟಿ ನಿಟ್ಟೂರು ರಸ್ತೆಯಲ್ಲಿ ಘಟ್ಟ ಏರಿದೆವು. ಇದನ್ನು ಹೇಳಲೇಬೇಕು: ನಡೆದು ಹೋಗುತ್ತೇವೆ ಅನ್ನುವವರನ್ನೂ ಆ 1,300 ಮೀಟರಿನಲ್ಲಿ ಒಂದು ಪಾಲು ಬಸ್ಸು, ಕಾರುಗಳೇ ಹತ್ತಿಸಿರುತ್ತವೆ. ಅರಣ್ಯ ಇಲಾಖೆಯವರ ಬಳಿ ಹೆಸರು ಬರೆಸಿ, ಶುಲ್ಕ ಕಟ್ಟಿ ಕಾಡಿಗಿಳಿದೆವು. ಕೊಡಚಾದ್ರಿ ಮೂಕಾಂಬಿಕಾ ಅಭಯಾರಣ್ಯಕ್ಕೆ ಸೇರಿದ್ದು, ಸುಮ್ಮನೆ ನುಗ್ಗುವ ಹಾಗಿಲ್ಲ. ಗೆಳೆಯನ ಪರಿಚಯದ ಹಿರಿಯರೊಬ್ಬರು ದಾರಿ ತೋರಿಸಲು ಜೊತೆಯಾದರು. ಅರವತ್ತು ದಾಟಿದವರು, ಕಾಲಿಗೆ ರಬ್ಬರ್ ಚಪ್ಪಲಿ, ಸೊಂಟಕ್ಕೆ ಕತ್ತಿ, ಕೈಯಲ್ಲಿ ಒಂದು ಪೊಟ್ಟಣ ಉಪ್ಪು. ಉಪ್ಪು ಯಾಕೆ ಅಂತ ಹತ್ತೇ ನಿಮಿಷದಲ್ಲಿ ಗೊತ್ತಾಯಿತು. ಅಕ್ಕನ ಮಗನ ಕಾಲ್ಚೀಲದೊಳಗೆ ಏಳು ಉಂಬಳ.

ಮೊದಲು ಗದ್ದೆ, ಅಡಿಕೆ ತೋಟ. ಆಮೇಲೆ ಹಗಲಲ್ಲೇ ಮಬ್ಬುಗತ್ತಲೆ ಇರುವ ಕಾಡು, ಹೆಜ್ಜೆ ಇಟ್ಟಲ್ಲೆಲ್ಲ ಜಾರುವ ಎಲೆ. ಇನ್ನೂ ಮೇಲೆ ಮರಗಳು ತಟ್ಟನೆ ಮುಗಿದು ಹುಲ್ಲು. ಘಟ್ಟದ ತುದಿಗಳಲ್ಲಿ ಬೋಳು ನೆತ್ತಿಯ ಮೇಲೆ ಹುಲ್ಲು, ಮಡಿಕೆಗಳಲ್ಲಿ ಮಾತ್ರ ಕಾಡು. ನೀರು ನಿಲ್ಲುವುದು ಆ ಮಡಿಕೆಗಳಲ್ಲಿ.

ನಡಿಗೆ ಶುರು ಮಾಡುವ ಮುಂಚೆಯೇ ಹಿರಿಯರು ಒಂದು ಮಾತು ಒಪ್ಪಿಸಿಕೊಂಡಿದ್ದರು. ಮಧ್ಯಾಹ್ನ ಒಂದೂವರೆಗೆ ಎಲ್ಲಿದ್ದೇವೋ ಅಲ್ಲಿಂದ ವಾಪಸ್. ಅವರ ಲೆಕ್ಕ ಸರಳ. ಅಕ್ಟೋಬರ್‌ನಲ್ಲಿ ಆರು ಗಂಟೆ ಮೀರಿದರೆ ಸೂರ್ಯ ಇಲ್ಲ. ಕಾಡಿನೊಳಗೆ ಅದಕ್ಕೂ ಮುಂಚೆ ಕತ್ತಲು. ಇಳಿಯಲು ಮೂರೂವರೆ ಗಂಟೆ, ಯಾರಿಗಾದರೂ ಕಾಲು ಉಳುಕಿದರೆ ಇರಲಿ ಅಂತ ಒಂದು ಗಂಟೆ.

ಮೂಲ ಮೂಕಾಂಬಿಕೆಯ ಗುಡಿ ಇರುವ ಜಾಗ ಮುಟ್ಟಿದಾಗ ಹನ್ನೆರಡೂಮುಕ್ಕಾಲು. ಅಲ್ಲೊಂದು ಎತ್ತರದ ಕಬ್ಬಿಣದ ಕಂಬವಿದೆ. ಮಳೆಯಲ್ಲಿ ನಿಂತೂ ಅದು ಉಳಿದಿರುವ ಬಗೆಯನ್ನು ಓದಿದವರೂ ಓದದವರೂ ಬೆರಗಿನಿಂದ ನೋಡುತ್ತಾರೆ. ಜೀಪುಗಳು ಬರುವುದು ಇಲ್ಲಿಯವರೆಗೆ. ನಾವು ಐದು ಗಂಟೆ ಕಾಲ ಬೆವರಿ ಬಂದ ಜಾಗದಲ್ಲಿ ಇಸ್ತ್ರಿ ಮಾಡಿದ ಅಂಗಿ ತೊಟ್ಟವರು ಚುರುಮುರಿ ತಿನ್ನುತ್ತಿದ್ದರು. ಇಲ್ಲಿಂದ ತುದಿಯ ಸರ್ವಜ್ಞ ಪೀಠಕ್ಕೆ ಎಲ್ಲರೂ ನಡೆದೇ ಹೋಗಬೇಕು. ಶಂಕರಾಚಾರ್ಯರು ತಪಸ್ಸು ಮಾಡಿದರು ಅನ್ನುವ ಪುಟ್ಟ ಕಲ್ಲಿನ ಮಂಟಪ ಅದು. ಇನ್ನು ಎರಡು ಕಿಲೋಮೀಟರ್ ಕೂಡ ಇಲ್ಲ.

ಆಗ ಮಂಜು ಬಂತು. ಮೊದಲು ಕಣಿವೆ ಹೋಯಿತು. ಆಮೇಲೆ ಎದುರಿನ ಗುಡ್ಡ ಹೋಯಿತು. ಆಮೇಲೆ ಹತ್ತು ಮಾರು ಮುಂದಿದ್ದ ಗೆಳೆಯ ಹೋದ, ಅವನ ಕೆಮ್ಮು ಮಾತ್ರ ಕೇಳುತ್ತಿತ್ತು. ಬೆವರಿದ ಮೈಗೆ ಗಾಳಿ ಹೊಡೆದು ಹಲ್ಲು ಕಟಕಟ ಅನ್ನತೊಡಗಿತು. ಸಾವಿರ ಮೀಟರ್ ಏರಿದರೆ ಸುಮಾರು ಆರು ಡಿಗ್ರಿ ಚಳಿ ಹೆಚ್ಚುತ್ತದೆ. ನೆಂದ ಬಟ್ಟೆಗೆ ಅದು ಇನ್ನೂ ಹೆಚ್ಚು.

ಹತ್ತು ನಿಮಿಷ ಕಾದೆವು, ಇಪ್ಪತ್ತು ನಿಮಿಷ ಕಾದೆವು. ಅಕ್ಕನ ಮಗ ಫೋನು ಹಿಡಿದು ನಿಂತಿದ್ದ. "ಮಾಮ, ದಾರಿ ಇದೆಯಲ್ಲ. ಜನ ಹೋಗ್ತಾ ಇದಾರೆ. ಇಷ್ಟು ದೂರ ಬಂದು..." ಅವನು ಹೇಳಿದ್ದು ಸುಳ್ಳಲ್ಲ. ಕೆಲವರು ಹೋಗುತ್ತಿದ್ದರು. ಅವರಿಗೆ ಇಳಿಯಲು ಜೀಪಿತ್ತು, ನಮಗೆ ಕಾಡಿತ್ತು.

ಹಿರಿಯರು ಅವನ ಹೆಗಲ ಮೇಲೆ ಕೈ ಇಟ್ಟರು. "ಹತ್ತುಕೆ ಕಾಲ್ ಸಾಕ್ ಮಾಣಿ, ಇಳಿಯುಕೆ ಕಣ್ಣ್ ಬೇಕ್."

ಅವನು ನನ್ನ ಕಡೆ ನೋಡಿದ. ನಾನು ಗಡಿಯಾರ ನೋಡಿದೆ. ಒಂದು ಇಪ್ಪತ್ತು. ಇನ್ನು ಹತ್ತು ನಿಮಿಷ ಇದೆ ಅಂತ ವಾದ ಮಾಡಬಹುದಿತ್ತು, ನನಗೂ ಆಸೆ ಇತ್ತು. ಅಕ್ಕನ ಮಾತು ಕಿವಿಯಲ್ಲಿತ್ತು. "ನಡಿ, ಇಳಿಯೋಣ" ಅಂದೆ.

ಗಡುವು ಅನ್ನುವುದು ದೊಡ್ಡ ಪರ್ವತಗಳಿಗೂ ಇದೆ. 1996ರ ಮೇ ತಿಂಗಳಿನಲ್ಲಿ ಎವರೆಸ್ಟ್ ಮೇಲೆ ಒಂದೇ ಬಿರುಗಾಳಿಯಲ್ಲಿ 8 ಜನ ಸತ್ತರು. ಅವತ್ತು ಮಧ್ಯಾಹ್ನ ಎರಡು ಗಂಟೆ ದಾಟಿದ ಮೇಲೂ ಹಲವರು ತುದಿಯ ಕಡೆ ಹತ್ತುತ್ತಲೇ ಇದ್ದರು. ಅವರಲ್ಲಿ ಹತ್ತಾರು ಸಲ ಪರ್ವತ ಹತ್ತಿದ ಅನುಭವಿಗಳೂ ಇದ್ದರು. ಗಡುವನ್ನು ಕೆಳಗೆ, ತಲೆ ತಣ್ಣಗಿರುವಾಗ ಇಟ್ಟುಕೊಳ್ಳಬೇಕು. ತುದಿ ಕಣ್ಣಿಗೆ ಬಿದ್ದ ಮೇಲೆ ಯಾರ ತಲೆಯೂ ಸರಿಯಾಗಿ ಲೆಕ್ಕ ಹಾಕುವುದಿಲ್ಲ.

ಇಳಿಯುವುದು ಹತ್ತುವುದಕ್ಕಿಂತ ಸುಲಭ ಅಂದುಕೊಂಡವರು ಮಂಡಿಯನ್ನು ಕೇಳಬೇಕು. ಹತ್ತುವಾಗ ಉಸಿರು ದಣಿಯುತ್ತದೆ, ನಿಂತರೆ ಸರಿಹೋಗುತ್ತದೆ. ಇಳಿಯುವಾಗ ಪ್ರತಿ ಹೆಜ್ಜೆಗೂ ಮೈಭಾರವೆಲ್ಲ ಮಂಡಿಯ ಮೇಲೆ, ನಿಂತರೂ ನಡುಗುತ್ತದೆ. ದಣಿದ ಕಾಲು ಎತ್ತಿ ಇಡದೆ ಎಳೆದು ಇಡುತ್ತದೆ, ಬೇರಿಗೆ ತಗಲುತ್ತದೆ. ಎರಡು ಕಡೆ ದಾರಿ ಕವಲಾದಲ್ಲಿ ನಮಗೆ ಎಡವೋ ಬಲವೋ ತಿಳಿಯಲಿಲ್ಲ. ಹಿರಿಯರು ಬೆಳಿಗ್ಗೆ ಕತ್ತಿಯಿಂದ ಗೀರಿದ್ದ ಗುರುತು ನೋಡಿ ನಡೆದರು. ಕಾಡಿನ ಕೊನೆ ಮುಟ್ಟಿದಾಗ ಐದೂಮುಕ್ಕಾಲು. ಹಿಂದೆ ತಿರುಗಿದರೆ ನಾವು ಬಂದ ದಾರಿ ಕಪ್ಪಾಗಿತ್ತು.

ದಾರಿ ಬದಿಯ ಮನೆಯೊಂದರಲ್ಲಿ ಚಹಾ ಕೊಟ್ಟ ಹೆಂಗಸು ನಮ್ಮ ಕೆಸರು ಕಾಲುಗಳನ್ನು ನೋಡಿ ನಕ್ಕರು. "ನಾವ್ ಸಣ್ಣವರಿಪ್ಪತಿಗೆ ಸೊಪ್ಪಿಗ್ ಹತ್ತಿದ್ದ್. ನೀವ್ ದುಡ್ಡ್ ಕೊಟ್ಟ್ ಎಂತಕ್ಕೆ ಹತ್ತುದ್ ಮಾರಾಯ್ರೆ?" ಉತ್ತರ ನಮ್ಮಲ್ಲಿ ಯಾರಿಗೂ ತಕ್ಷಣ ಹೊಳೆಯಲಿಲ್ಲ. ಇದನ್ನು ಓದುತ್ತಿರುವ ನಿಮ್ಮಲ್ಲಿ ಎಷ್ಟೋ ಜನ ಸೌದೆಗೆ, ಸೊಪ್ಪಿಗೆ, ದನ ಹುಡುಕಲು ಗುಡ್ಡ ಹತ್ತಿದವರೇ. ಆ ಹತ್ತುವಿಕೆಗೆ ತುದಿ ಅಂತ ಇರುವುದಿಲ್ಲ. ಹೊರೆ ತುಂಬಿದರೆ ಇಳಿಯುವುದು, ಹೊತ್ತಾದರೆ ಇಳಿಯುವುದು. ತುದಿ ಮುಟ್ಟಲೇಬೇಕು ಅನ್ನುವ ಹಟ ನಮ್ಮಂಥ ಪೇಟೆಯವರು ಜೇಬಿನಲ್ಲಿ ಹಾಕಿಕೊಂಡು ಬಂದದ್ದು.

ಮಾರನೇ ದಿನ ಅಕ್ಕನ ಮಗ ಮುಖ ಊದಿಸಿಕೊಂಡೇ ಇದ್ದ. ಕುಂದಾಪುರದಲ್ಲಿ ರೈಲು ಹತ್ತಿಸಲು ಗೆಳೆಯ ನಮ್ಮನ್ನು ಮರವಂತೆ ಮೇಲೆ ಕರೆದೊಯ್ದ. ಹೆದ್ದಾರಿಯ ಒಂದು ಮಗ್ಗುಲಿಗೆ ಕಡಲು, ಇನ್ನೊಂದು ಮಗ್ಗುಲಿಗೆ ಸೌಪರ್ಣಿಕಾ ಹೊಳೆ. ಈ ಹೊಳೆ ಹುಟ್ಟುವುದು ಅದೇ ಕೊಡಚಾದ್ರಿಯಲ್ಲಿ. ಅಷ್ಟೆತ್ತರದಿಂದ ಇಳಿದು ಇಲ್ಲಿ ಕಡಲಿಗೆ ಒಂದು ರಸ್ತೆಯ ಅಗಲದಷ್ಟು ಹತ್ತಿರ ಬರುತ್ತದೆ. ಇನ್ನೇನು ಸೇರಿತು ಅನ್ನುವಾಗ ತಿರುಗಿಕೊಂಡು, ಮುಂದೆ ಗಂಗೊಳ್ಳಿಯ ಅಳಿವೆಯಲ್ಲಿ ಸೇರುತ್ತದೆ. ಗೆಳೆಯ ಗಾಡಿ ನಿಲ್ಲಿಸಿ, "ನೋಡು, ಇದೂ ನಿನ್ನ ಹಾಗೆ ವಾಪಸ್ ಹೋಗ್ತಿದೆ" ಅಂದ. ಹುಡುಗನಿಗೆ ನಗು ತಡೆಯಲಾಗಲಿಲ್ಲ.

ಜನವರಿಯಲ್ಲಿ ನಾವಿಬ್ಬರೂ ಮತ್ತೆ ಹೋದೆವು. ಅದೇ ದಾರಿ, ಅದೇ ಹಿರಿಯರು, ಅದೇ ಗಡುವು. ಉಂಬಳ ಇರಲಿಲ್ಲ, ಎಲೆ ಒಣಗಿತ್ತು. ಹನ್ನೊಂದೂವರೆಗೆ ಗುಡಿ, ಹನ್ನೆರಡೂಕಾಲಿಗೆ ಸರ್ವಜ್ಞ ಪೀಠ. ಪಶ್ಚಿಮಕ್ಕೆ ಹಸಿರು ಮಡಿಕೆಗಳು ಒಂದರ ಕೆಳಗೊಂದು ಇಳಿದು, ಕೊನೆಯಲ್ಲಿ ಬೆಳ್ಳಗೆ ಒಂದು ಗೆರೆ. ಕಡಲು. ನಾವು ರೈಲಿನಿಂದ ಇಳಿದ ಊರು ಆ ಗೆರೆಯ ಅಂಚಿನಲ್ಲೆಲ್ಲೋ ಇತ್ತು. ಚಾಮುಂಡಿ ಬೆಟ್ಟದಿಂದ ನೋಡಿದರೆ ನಮ್ಮ ರಾಜೀವನಗರದ ಬೀದಿಗಳನ್ನು ಬೆರಳಿಟ್ಟು ತೋರಿಸಬಹುದು. ಇಲ್ಲಿಂದ ಊರು ಕಾಣಲಿಲ್ಲ. ಎಷ್ಟು ಹತ್ತಿದ್ದೇವೆ ಅನ್ನುವುದು ಆಗ ಮೈಗೆ ತಿಳಿಯಿತು. ಅಕ್ಕನ ಮಗ ಎರಡು ಫೋಟೊ ತೆಗೆದು ಫೋನು ಜೇಬಿಗಿಟ್ಟ. ಆಮೇಲೆ ನಾನು ಕೇಳದೆಯೇ ಗಡಿಯಾರ ನೋಡಿ, "ಮಾಮ, ಹೊರಡೋಣ" ಅಂದ. ಎರಡು ಪ್ರಯಾಣದಲ್ಲಿ ನನಗೆ ಸಿಕ್ಕಿದ ದೊಡ್ಡ ಲಾಭ ಆ ಮಾತೇ.

ಈಗ ಹೋಗುವವರಿಗೆ ನಾಲ್ಕು ಮಾತು. 2024ರ ಜನವರಿ ಕೊನೆಯ ರಜೆಯಲ್ಲಿ ಕುಮಾರಪರ್ವತಕ್ಕೆ ಸಾವಿರಾರು ಜನ ಒಟ್ಟಿಗೇ ಮುಗಿಬಿದ್ದ ಮೇಲೆ ಸರ್ಕಾರ ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳನ್ನು ತಡೆಹಿಡಿಯಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ "ಅರಣ್ಯ ವಿಹಾರ" ಎಂಬ ಜಾಲತಾಣ ಬಂತು, ಒಂದು ದಾರಿಗೆ ದಿನಕ್ಕೆ 300 ಜನ ಎಂಬ ಮಿತಿಯೂ ಬಂತು. ನೀವು ಹೋಗುವ ಬೆಟ್ಟಕ್ಕೆ ಏನು ನಿಯಮ, ಆ ವಾರ ದಾರಿ ತೆರೆದಿದೆಯೋ ಇಲ್ಲವೋ, ಮೊದಲು ನೋಡಿಕೊಳ್ಳಿ. ಮಳೆಗಾಲದಲ್ಲಿ ಹೋಗಬೇಡಿ, ಜಲಪಾತದ ಬಂಡೆಯ ಪಾಚಿಗೆ ಯಾವ ಬೂಟೂ ಹಿಡಿಯುವುದಿಲ್ಲ. ಸ್ಥಳದವರೊಬ್ಬರನ್ನು ಜೊತೆಗೆ ಕರೆದುಕೊಳ್ಳಿ, ಅವರ ಕೂಲಿಗೆ ಚೌಕಾಸಿ ಮಾಡಬೇಡಿ. ಕಾಡಿನಲ್ಲಿ ಸಿಗ್ನಲ್ ಹೋಗುತ್ತದೆ, ಆದರೆ ಫೋನಿನ ಜಿಪಿಎಸ್‌ಗೆ ಸಿಗ್ನಲ್ ಬೇಕಿಲ್ಲ. ನಕ್ಷೆಯನ್ನು ಮನೆಯಲ್ಲೇ ಇಳಿಸಿಕೊಂಡರೆ ನಿಂತ ಜಾಗ ತೋರಿಸುತ್ತದೆ. ಸಿಗ್ನಲ್ ಸಿಕ್ಕಲ್ಲಿ ತುರ್ತಿಗೆ 112. ಎಷ್ಟು ಗಂಟೆಗೆ ವಾಪಸ್ ಬರುತ್ತೀರಿ ಅಂತ ಮನೆಯಲ್ಲಿ ಒಬ್ಬರಿಗೆ ಹೇಳಿ ಹೊರಡಿ. ಗಡುವಿನ ಗಂಟೆಯನ್ನು ಬೆಳಿಗ್ಗೆಯೇ ಎಲ್ಲರ ಎದುರು ಬಾಯಿಬಿಟ್ಟು ಹೇಳಿಕೊಳ್ಳಿ.

ನಾನೂ ನನ್ನ ಗೆಳೆಯನೂ ಈ ಎರಡು ಪ್ರಯಾಣದ ಬಗ್ಗೆ ಪತ್ರಿಕೆಗೆ ಒಂದು ಸಾಲೂ ಕಳಿಸಲಿಲ್ಲ. ಕಳಿಸಿದ್ದರೂ ಅಚ್ಚಾಗುತ್ತಿರಲಿಲ್ಲ. ನಾಲ್ಕು ಜನ ಬೆಟ್ಟಕ್ಕೆ ಹೋದರು, ಮಂಜು ಬಂತು, ತಿರುಗಿದರು, ಕತ್ತಲಾಗುವ ಮುಂಚೆ ಕೆಳಗಿದ್ದರು. ಇದರಲ್ಲಿ ಸುದ್ದಿ ಏನಿದೆ? ಆದರೆ ಪ್ರತಿ ಭಾನುವಾರ ಘಟ್ಟದ ನೂರು ದಾರಿಗಳಲ್ಲಿ ಇಂಥ ಎಷ್ಟೋ ಹುಡುಗರು ಗಡಿಯಾರ ನೋಡಿ ತಿರುಗುತ್ತಾರೆ. ಅವರ ಅಮ್ಮಂದಿರು ಬಾಗಿಲು ತೆಗೆಯುತ್ತಾರೆ. ಪತ್ರಿಕೆಯಲ್ಲಿ ಜಾಗ ಇಲ್ಲದ್ದಕ್ಕೆ ಅದನ್ನು ಇಲ್ಲಿ ಬರೆದಿದ್ದೇನೆ.